12 ಡಾಲರ್ 74 ಸೆಂಟಿನ ಉಡುಪು

ಫ್ಲಾರಿಡಾ ರಾಜ್ಯದ ಪೋಕ್ ಕೌಂಟಿಯ ಲಾಫ್‌ಮನ್ ಎಂಬಲ್ಲಿ, ಮರ ಕೊಯ್ಯುವ ಕಂಪನಿಯೊಂದರ ಕಪ್ಪು ಕೂಲಿಕಾರರು ವಾಸವಿದ್ದ ಬಿಡಾರಗಳ ನಡುವೆ, 1928ರ ಸುಮಾರಿನ ಒಂದು ಬಟವಾಡೆಯ ರಾತ್ರಿ ಕುಣಿತ ನಡೆದಿತ್ತು. ಹೆಂಗಸರೆಲ್ಲ ಅಂಚೆಯಲ್ಲಿ ತರಿಸಿಕೊಂಡ 1 ಡಾಲರ್ 98 ಸೆಂಟಿನ ಉಡುಪುಗಳಲ್ಲಿದ್ದರು. ಹೊಸದಾಗಿ ಬಂದು ಸೇರಿದ್ದ ಒಬ್ಬರು ಮಾತ್ರ ನ್ಯೂಯಾರ್ಕಿನ ಮೇಸೀಸ್ ಮಳಿಗೆಯಲ್ಲಿ ಕೊಂಡ 12 ಡಾಲರ್ 74 ಸೆಂಟಿನ ಉಡುಪು ತೊಟ್ಟು ಒಂಟಿಯಾಗಿ ನಿಂತಿದ್ದರು. ಅವರನ್ನು ಕುಣಿಯಲು ಯಾರೂ ಕರೆಯಲಿಲ್ಲ. ಆ ಉಡುಪನ್ನು ತಾನು ಮನಸ್ಸಿನಲ್ಲೇ ಶಪಿಸಿಕೊಂಡೆನೆಂದು ಅವರು ಮುಂದೆ ಬರೆದರು. ಅವರ ಹೆಸರು ಜೋರಾ ನೀಲ್ ಹರ್ಸ್ಟನ್. ಬರ್ನಾರ್ಡ್ ಕಾಲೇಜಿನಲ್ಲಿ ಓದಿ, ಫ್ರಾಂಜ್ ಬೋವಾಸ್ ಅವರ ಬಳಿ ಮಾನವಶಾಸ್ತ್ರ ಕಲಿತು, ತನ್ನದೇ ಜನರ ಕತೆಗಳನ್ನು ಸಂಗ್ರಹಿಸಲು ತನ್ನದೇ ರಾಜ್ಯಕ್ಕೆ ಮರಳಿದ್ದವರು ಅವರು. ಕಪ್ಪು ಜನರೇ ಕಟ್ಟಿ ಆಳುತ್ತಿದ್ದ ಈಟನ್‌ವಿಲ್ ಊರಿನಲ್ಲಿ ಬೆಳೆದವರಾದ್ದರಿಂದ, ಪೋಕ್ ಕೌಂಟಿಯಲ್ಲಿ ತಾನು ಹೊರಗಿನವಳಾಗಲು ಸಾಧ್ಯವೇ ಇಲ್ಲವೆಂದು ಅವರು ಭಾವಿಸಿದ್ದಿರಬೇಕು.

ಬಿಡಾರದವರ ಲೆಕ್ಕಾಚಾರ ಬೇರೆಯಾಗಿತ್ತು. ಅದು ಪಾನನಿಷೇಧದ ಕಾಲ. ಕೂಲಿಕಾರರಲ್ಲಿ ಪೊಲೀಸರ ಕಣ್ಣು ತಪ್ಪಿಸಿ ಬಂದವರೂ ಇದ್ದರು. ಹೊಳೆಯುವ ಶೆವ್ರೊಲೆ ಕಾರಿನಲ್ಲಿ ಒಬ್ಬಳೇ ಬಂದಿಳಿದ ಹೆಂಗಸು ಸರ್ಕಾರದ ಪತ್ತೇದಾರಳಲ್ಲದೆ ಇನ್ನೇನು? ಈ ಗುಮಾನಿಯನ್ನು ಹೋಗಲಾಡಿಸಲು ಹರ್ಸ್ಟನ್ ಒಂದು ಸುಳ್ಳು ಹೇಳಿದರು: ತಾನು ಕಳ್ಳಸಾರಾಯಿ ಸಾಗಿಸುವವಳು, ಜ್ಯಾಕ್ಸನ್‌ವಿಲ್‌ನಲ್ಲೂ ಮಯಾಮಿಯಲ್ಲೂ ಪೊಲೀಸರು ತನ್ನನ್ನು ಹುಡುಕುತ್ತಿದ್ದಾರೆ, ಅದಕ್ಕೇ ಇಲ್ಲಿ ಅಡಗಿದ್ದೇನೆ ಎಂದು. ಈ ಮಾತನ್ನು ಬಿಡಾರದವರು ನಂಬಿದರು. ಕಾರಿಗೆ ಕಾರಣ ಸಿಕ್ಕಿತು, ದುಡ್ಡಿಗೂ ಸಿಕ್ಕಿತು. ಉಡುಪಿಗೆ ಮಾತ್ರ ಸುಳ್ಳು ಸಾಲಲಿಲ್ಲ. ಕುಣಿತದ ರಾತ್ರಿ ಗಿಟಾರಿನ ಜೊತೆ ತಾನೂ ನಿಂತು ಅವರ ಹಾಡನ್ನು ಅವರಂತೆಯೇ ಹಾಡಬೇಕಾಯಿತು.

ಅಮೆರಿಕದ ಒಳಜಗತ್ತುಗಳ ಬಗ್ಗೆ ಪತ್ರಕರ್ತರು ಬರೆದ ದೀರ್ಘ ಪ್ರಬಂಧಗಳನ್ನು ನಾನು ಹಲವು ವರ್ಷಗಳಿಂದ ಓದುತ್ತ ಬಂದಿದ್ದೇನೆ. ಹರ್ಸ್ಟನ್ ಅವರು 1935ರಲ್ಲಿ ಪ್ರಕಟಿಸಿದ ಪುಸ್ತಕದ ಈ ಪ್ರಸಂಗವನ್ನು ಓದಿದ ಮೇಲೆ ನನ್ನ ಓದಿಗೆ ಒಂದು ಚಾಳಿ ಅಂಟಿಕೊಂಡಿತು. ಯಾವುದೇ ಪ್ರಬಂಧವನ್ನು ಕೈಗೆತ್ತಿಕೊಂಡರೂ, ಬರೆದವರು ಅಲ್ಲಿಗೆ ಏನು ತೊಟ್ಟು ಹೋದರು, ಯಾವ ವಾಹನದಲ್ಲಿ ಹೋದರು, ಅದನ್ನು ಕಂಡು ಅಲ್ಲಿನವರು ಏನೆಂದುಕೊಂಡರು ಎಂಬುದನ್ನು ಮೊದಲು ಹುಡುಕುತ್ತೇನೆ. ಅದು ಬರಹದಲ್ಲಿ ಸಿಕ್ಕರೆ ಉಳಿದದ್ದನ್ನು ನಂಬುವುದು ಸುಲಭವಾಗುತ್ತದೆ. ಸಿಗದಿದ್ದರೆ, ಅಷ್ಟು ಜನರ ಬದುಕನ್ನು ಕಂಡವರು ತಮ್ಮನ್ನು ತಾವು ಎಲ್ಲಿ ಬಚ್ಚಿಟ್ಟುಕೊಂಡರು ಎಂಬ ಸಂಶಯ ಕೊನೆಯ ಪುಟದವರೆಗೂ ಕಾಡುತ್ತದೆ. ಉಪಸಂಸ್ಕೃತಿಯ ಬಗ್ಗೆ ಬರೆಯುವವರು ಹೊರಗಿನವರಾಗಿರುವುದು ಅನಿವಾರ್ಯ; ಆ ಹೊರಗಿನತನವನ್ನು ಅವರು ಏನು ಮಾಡುತ್ತಾರೆ ಎಂಬುದರ ಮೇಲೆಯೇ ಬರಹದ ಗಟ್ಟಿತನ ನಿಂತಿದೆ ಎಂದು ನನಗೆ ತೋರುತ್ತದೆ.

ಈ ಬಗೆಯ ಬರಹ ಆ ದೇಶದಲ್ಲಿ ಇಷ್ಟು ಹುಲುಸಾಗಿ ಬೆಳೆಯಲು ಕಾರಣಗಳಿವೆ. ಸಾವಿರಾರು ಮೈಲಿ ಹರಡಿದ ನೆಲದಲ್ಲಿ ಜನ ಮತ, ಬಣ್ಣ, ಕಸುಬುಗಳಿಂದಷ್ಟೇ ಅಲ್ಲದೆ ಮೋಟಾರು ಎಂಜಿನ್ನು, ಆರ್ಕಿಡ್ ಹೂವು, ಅಲೆಸವಾರಿಗಳಂಥ ಹುಚ್ಚುಗಳಿಂದಲೂ ಗುಂಪುಗೂಡುತ್ತಾರೆ, ತಮ್ಮದೇ ನುಡಿಗಟ್ಟು ಕಟ್ಟಿಕೊಳ್ಳುತ್ತಾರೆ. ಜಾಹೀರಾತಿನ ಹಣದಿಂದ ಕೊಬ್ಬಿದ್ದ ನ್ಯೂಯಾರ್ಕಿನ ನಿಯತಕಾಲಿಕಗಳು ಬರಹಗಾರರ ಪ್ರಯಾಣದ ಖರ್ಚು ಭರಿಸಿ, ಹತ್ತಾರು ಪುಟ ಬಿಟ್ಟುಕೊಡಬಲ್ಲವಾಗಿದ್ದವು. ಕ್ಯಾಲ್ವಿನ್ ಟ್ರಿಲಿನ್ 1967ರಿಂದ 15 ವರ್ಷಗಳ ಕಾಲ ಮೂರು ವಾರಕ್ಕೊಂದರಂತೆ ದೇಶದ ಯಾವುದೋ ಮೂಲೆಯಿಂದ ‘ನ್ಯೂಯಾರ್ಕರ್’ಗೆ ಬರೆದರು ಎಂದರೆ ಆ ಕಾಲದ ಅನುಕೂಲ ಅರ್ಥವಾಗುತ್ತದೆ. ಇನ್ನೊಂದು ಬೇರು ಷಿಕಾಗೊ ವಿಶ್ವವಿದ್ಯಾಲಯದಲ್ಲಿದೆ. ಅಲ್ಲಿ ಸಮಾಜಶಾಸ್ತ್ರ ಕಲಿಸುತ್ತಿದ್ದ ರಾಬರ್ಟ್ ಪಾರ್ಕ್ ಮೊದಲು ಪತ್ರಿಕಾ ವರದಿಗಾರರಾಗಿದ್ದವರು. ವಿದ್ಯಾರ್ಥಿಗಳನ್ನು ಗ್ರಂಥಾಲಯದಿಂದ ಎಬ್ಬಿಸಿ ಬೀದಿಗೆ ಅಟ್ಟುತ್ತಿದ್ದರು. ಅಲ್ಲಿಂದ 1923ರಲ್ಲಿ ಹೊರಬಂದ ಮೊದಲ ಅಧ್ಯಯನಗಳಲ್ಲೊಂದು, ಗೂಡ್ಸ್ ರೈಲು ಹತ್ತಿ ಕೂಲಿಗಾಗಿ ಅಲೆಯುವ ‘ಹೋಬೊ’ಗಳನ್ನು ಕುರಿತದ್ದು, ಬರೆದ ನೆಲ್ಸ್ ಆಂಡರ್ಸನ್ ಸ್ವತಃ ಹಾಗೆ ಅಲೆದವರೇ.

ಆದರೆ ಹೊರಗಿನಿಂದ ನೋಡುವುದು ಎಷ್ಟು ಕೇಡು ಮಾಡಬಲ್ಲದು ಎಂಬುದಕ್ಕೆ ಅದಕ್ಕೂ ಹತ್ತು ವರ್ಷ ಹಿಂದಿನ ಒಂದು ಉದಾಹರಣೆ ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. ನ್ಯೂಜೆರ್ಸಿ ರಾಜ್ಯದ ದಕ್ಷಿಣಕ್ಕೆ ಪೈನ್ ಬ್ಯಾರೆನ್ಸ್ ಎಂಬ ಮರಳುನೆಲದ ಕಾಡಿದೆ. ಅಲ್ಲಿನ ಜನ ವಸಂತದಲ್ಲಿ ಜೌಗಿನಿಂದ ಸ್ಫ್ಯಾಗ್ನಮ್ ಪಾಚಿ ಬಾಚಿ, ಬೇಸಿಗೆಯಲ್ಲಿ ಬ್ಲೂಬೆರಿ, ಶರತ್ಕಾಲದಲ್ಲಿ ಕ್ರ್ಯಾನ್‌ಬೆರಿ ಬಿಡಿಸಿ, ಚಳಿಗಾಲದಲ್ಲಿ ಸೌದೆ ಕಡಿದು, ಇದ್ದಿಲು ಸುಟ್ಟು ಬದುಕುತ್ತಿದ್ದರು. ವರ್ಷವಿಡೀ ಒಬ್ಬನೇ ಧಣಿಯ ಕೆಳಗೆ ದುಡಿಯುವುದು ಅವರಿಗೆ ಒಗ್ಗಿದ ವಿಚಾರವಲ್ಲ. ಬುದ್ಧಿಮಾಂದ್ಯತೆ ವಂಶದಿಂದ ವಂಶಕ್ಕೆ ಹರಿಯುತ್ತದೆಂದು ಸಾಧಿಸಲು ಹೊರಟಿದ್ದ ವೈನ್‌ಲ್ಯಾಂಡಿನ ಸಂಸ್ಥೆಯೊಂದರ ಕ್ಷೇತ್ರಕಾರ್ಯಕರ್ತೆ ಎಲಿಜಬೆತ್ ಕೈಟ್ ಅಲ್ಲಿನ ಮನೆಮನೆಗೆ ಹೋಗಿ, 1913ರಲ್ಲಿ ‘ಪೈನಿ’ಗಳ ಬಗ್ಗೆ ವರದಿ ಬರೆದರು. ಕುಡಿತ, ಅಕ್ರಮ ಸಂಬಂಧ, ಮಂದಬುದ್ಧಿಗಳ ಕೆಲವು ಕುಟುಂಬಗಳ ಚಿತ್ರ ಅದರಲ್ಲಿತ್ತು. ಪತ್ರಿಕೆಗಳು ಅದನ್ನೇ ಹಿಗ್ಗಿಸಿ ಇಡೀ ಕಾಡಿನ ಜನರಿಗೆ ಹಚ್ಚಿದವು. ರಾಜ್ಯಪಾಲ ಜೇಮ್ಸ್ ಫೀಲ್ಡರ್ ಬಂದು ನೋಡಿ, ಇವರನ್ನು ಸಮಾಜದಿಂದ ಬೇರ್ಪಡಿಸಿಡಬೇಕೆಂಬ ಮಾತನ್ನಾಡಿದರು. ‘ಪೈನಿ’ ಎಂಬುದು ಬೈಗುಳವಾಯಿತು. ತನಗೆ ಆ ಜನರ ಬಗ್ಗೆ ಮೆಚ್ಚುಗೆಯೇ ಇತ್ತೆಂದು ಕೈಟ್ ಮುಂದೆ ಹೇಳಿಕೊಂಡರು. ಅಷ್ಟರಲ್ಲಿ ಮಾತು ಅವರ ಕೈಮೀರಿ ಹೋಗಿತ್ತು.

ಅರ್ಧ ಶತಮಾನ ಕಳೆದು ಅದೇ ಕಾಡಿಗೆ ಜಾನ್ ಮೆಕ್‌ಫೀ ಬಂದರು. ಅವರ ಬರಹದ ಆರಂಭದಲ್ಲಿ ಬರುವ ಒಂದು ಸಣ್ಣ ಸಂಗತಿಯನ್ನು ನಾನು ಮರೆತಿಲ್ಲ: ಕಾಡಿನ ನಡುವಿನ ಮನೆಯೊಂದರ ಮುಂದೆ ನಿಂತು ಅವರು ಕೇಳಿದ್ದು ನೀರನ್ನು. ಒಳಗೆ ಊಟಕ್ಕೆ ಕುಳಿತಿದ್ದ ಮುದುಕ, ಬಂದವನು ಯಾರೆಂದೂ ವಿಚಾರಿಸದೆ, ಒಳಗೆ ಬಾ ಎಂದು ಗದರುವ ದನಿಯಲ್ಲಿ ಕರೆದ. ನೀರು ಬೇಡಿ ಬಂದವನಿಗೂ ದಾಖಲೆ ಪುಸ್ತಕ ಹಿಡಿದು ಬಂದವರಿಗೂ ಇರುವ ಅಂತರ ಮುಂದಿನ ಪುಟಗಳಲ್ಲೆಲ್ಲ ಕಾಣುತ್ತದೆ. ಮೆಕ್‌ಫೀ 1913ರ ವರದಿಯ ಕತೆಯನ್ನೂ ಬಿಡದೆ ಹೇಳುತ್ತಾರೆ. ಆ ಜನ ಅಪರಿಚಿತರನ್ನು ಕಂಡರೆ ಏಕೆ ಹಿಂಜರಿಯುತ್ತಾರೆ ಎಂಬುದಕ್ಕೆ ಉತ್ತರ ಅಲ್ಲಿದೆ. ಆ ಕಾಡಿನಲ್ಲಿ ಭಾರಿ ವಿಮಾನ ನಿಲ್ದಾಣ ಕಟ್ಟುವ ಯೋಜನೆ ಆಗ ಚಾಲ್ತಿಯಲ್ಲಿತ್ತು, ಕಾಡು ಉಳಿಯಲಾರದು ಎಂಬ ವಿಷಾದದಲ್ಲೇ ಪುಸ್ತಕ ಮುಗಿಯುತ್ತದೆ. ಅದು 1968ರಲ್ಲಿ ಬಂತು. ಅದನ್ನು ಓದಿದ್ದ ಬ್ರೆಂಡನ್ ಬರ್ನ್ ಮುಂದೆ ನ್ಯೂಜೆರ್ಸಿಯ ರಾಜ್ಯಪಾಲರಾದರು. 1978ರಲ್ಲಿ ಸುಮಾರು 11 ಲಕ್ಷ ಎಕರೆ ರಾಷ್ಟ್ರೀಯ ಸಂರಕ್ಷಿತ ಪ್ರದೇಶವಾಯಿತು, ಮರುವರ್ಷ ರಾಜ್ಯವೂ ಕಾನೂನು ತಂದಿತು. ತಮ್ಮ ನಿಲುವಿನ ಹಿಂದೆ ಆ ಪುಸ್ತಕವಿತ್ತೆಂದು ಬರ್ನ್ ಒಪ್ಪಿಕೊಂಡಿದ್ದಾರೆ. ಪ್ರಬಂಧವೊಂದರಿಂದ ಕಾಡು ಉಳಿಯುವುದು ಅಪರೂಪ. ವರದಿಯೊಂದರಿಂದ ಜನರ ಹೆಸರು ಕೆಡುವುದು ಅಷ್ಟೇನೂ ಅಪರೂಪವಲ್ಲ.

ಬೇಡುವುದಕ್ಕಿಂತ ಸುಮ್ಮನೆ ಕೇಳಿಸಿಕೊಳ್ಳುವುದನ್ನೇ ಕಸುಬು ಮಾಡಿಕೊಂಡವರು ಜೋಸೆಫ್ ಮಿಚೆಲ್. ಉತ್ತರ ಕ್ಯಾರೊಲಿನಾದ ಹತ್ತಿ, ತಂಬಾಕಿನ ನಾಡಿನಿಂದ 1929ರ ಷೇರು ಕುಸಿತದ ಮರುದಿನ ನ್ಯೂಯಾರ್ಕಿಗೆ ಬಂದಿಳಿದ ಮಿಚೆಲ್, ಮೀನು ಮಾರುಕಟ್ಟೆಗೆ ಹೋಗಲಿ, ಹೆಂಡದಂಗಡಿಗೆ ಹೋಗಲಿ, ಅದೇ ಸೂಟು, ಅದೇ ಫೆಡೋರ ಟೋಪಿಯಲ್ಲಿ ಹೋಗುತ್ತಿದ್ದರು. ಅವರು 1949ರಲ್ಲಿ ಮೊಹಾಕ್ ಬುಡಕಟ್ಟಿನ ಉಕ್ಕಿನ ಕೆಲಸಗಾರರನ್ನು ಕುರಿತು ಬರೆದ ಪ್ರಬಂಧವನ್ನು ನಾನು ಈ ಪ್ರಕಾರದ ಶಿಖರಗಳಲ್ಲೊಂದು ಎಂದೇ ಎಣಿಸುತ್ತೇನೆ. ಕೆನಡಾದ ಸೇಂಟ್ ಲಾರೆನ್ಸ್ ನದಿಯ ದಂಡೆಯ ಮೀಸಲು ಪ್ರದೇಶದ ನೆಲದ ಮೇಲೆ 1886ರಲ್ಲಿ ರೈಲ್ವೆ ಸೇತುವೆ ಕಟ್ಟುವಾಗ, ನೆಲ ಬಿಟ್ಟುಕೊಟ್ಟ ಮೊಹಾಕರಿಗೆ ಸಾಮಾನು ಇಳಿಸುವ ಕೂಲಿ ಕೊಡುವುದೆಂದು ಒಪ್ಪಂದವಾಗಿತ್ತು. ಅವರು ಕೆಳಗೆ ನಿಲ್ಲಲಿಲ್ಲ. ಸೇತುವೆ ಹತ್ತಿ ತೊಲೆಗಳ ಮೇಲೆ ಓಡಾಡತೊಡಗಿದರು. ಇವರಿಗೆ ಎತ್ತರದ ಭಯವೇ ಇಲ್ಲವೆಂದು ಮೇಸ್ತ್ರಿಗಳು ಬೆರಗಾಗಿ, ತೊಲೆಗಳನ್ನು ಜೋಡಿಸುವ ರಿವೆಟ್ ಮೊಳೆಗಳ ಕೆಲಸ ಕಲಿಸಿದರು. ಒಂದು ತಂಡಕ್ಕೆ ನಾಲ್ವರು: ರಿವೆಟ್ಟನ್ನು ಕೆಂಪಗೆ ಕಾಯಿಸುವವನು, ಅದನ್ನು ತೂತಿಗೆ ಸೇರಿಸುವವನು, ಹಿಂದಿನಿಂದ ಒತ್ತಿ ಹಿಡಿಯುವವನು, ಬಡಿದು ತಲೆ ಮಾಡುವವನು. ಒಬ್ಬನ ಕೈ ತಪ್ಪಿದರೂ ಉಳಿದ ಮೂವರ ಜೀವಕ್ಕೆ ಸಂಚಕಾರವಾದ್ದರಿಂದ ತಂಡದಲ್ಲಿ ಅಣ್ಣತಮ್ಮಂದಿರೋ ನಂಟರೋ ಇರುತ್ತಿದ್ದರು.

1907ರ ಆಗಸ್ಟ್ 29ರಂದು ಕಟ್ಟುತ್ತಿದ್ದ ಕ್ವಿಬೆಕ್ ಸೇತುವೆ ಕುಸಿದು, ಸತ್ತವರಲ್ಲಿ 30ಕ್ಕೂ ಹೆಚ್ಚು ಮಂದಿ ಆ ಒಂದೇ ಊರಿನ ಮೊಹಾಕರಾಗಿದ್ದರು. ಗೋರಿಗಳ ಮೇಲೆ ಉಕ್ಕಿನ ತೊಲೆಗಳ ಶಿಲುಬೆ ನೆಟ್ಟರು. ಅನಾಹುತದ ನಂತರವೂ ಗಂಡಸರು ಉಕ್ಕಿನ ಕೆಲಸ ಬಿಡಲಿಲ್ಲ. ಹೆಂಗಸರು ಒಟ್ಟಾಗಿ, ಇನ್ನು ಮುಂದೆ ಎಲ್ಲರೂ ಒಂದೇ ಕಾಮಗಾರಿಯಲ್ಲಿ ಇರಕೂಡದು, ಚದುರಿ ಹೋಗಬೇಕೆಂದು ಹಟ ಹಿಡಿದರು. ಮೊಹಾಕರು ನ್ಯೂಯಾರ್ಕಿನ ಗಗನಚುಂಬಿಗಳ ತುದಿಗೆ ಬಂದದ್ದರ ಹಿಂದೆ, ಬ್ರೂಕ್ಲಿನ್ನಿನ ಒಂದು ಮೂಲೆಯಲ್ಲಿ ಅವರದೇ ಹೆಂಡದಂಗಡಿ, ಅವರ ಭಾಷೆ ಕಲಿತ ಪಾದ್ರಿ, ಅವರ ರೊಟ್ಟಿಗೆ ಬೇಕಾದ ಜೋಳದ ಹಿಟ್ಟು ಇಡುವ ದಿನಸಿ ವ್ಯಾಪಾರಿ ಹುಟ್ಟಿಕೊಂಡದ್ದರ ಹಿಂದೆ ಈ ಹೆಂಗಸರ ನಿರ್ಧಾರದ ಪಾಲೂ ಇದೆ. ಎತ್ತರಕ್ಕೆ ಅಂಜದ ಬುಡಕಟ್ಟು ಎಂಬ ರಮ್ಯ ಕತೆಯನ್ನು ಹುಡುಕಿ ಹೋಗುವವರಿಗೆ ಇಂಥ ವಿವರ ಸಿಗುವುದಿಲ್ಲ, ಏಕೆಂದರೆ ಅದು ತೊಲೆಯ ಮೇಲೆ ನಿಂತವರನ್ನು ನೋಡಿದರೆ ಕಾಣುವಂಥದ್ದಲ್ಲ.

ಮಿಚೆಲ್ ಬಗ್ಗೆ ಇಷ್ಟು ಹೊಗಳಿದವನು ಇನ್ನೊಂದನ್ನೂ ಹೇಳಬೇಕು. ಮೀನು ಮಾರುಕಟ್ಟೆಯ ವೃದ್ಧನೊಬ್ಬನ ಬಗ್ಗೆ ಅವರು ಬರೆದ ಸರಣಿಯ ನಾಯಕ ಒಬ್ಬ ವ್ಯಕ್ತಿಯಲ್ಲ, ಹಲವು ಮುದುಕರನ್ನು ಕಲಸಿ ಮಾಡಿದ ಪಾತ್ರವೆಂದು 1948ರ ಪುಸ್ತಕದಲ್ಲಿ ಅವರೇ ತಿಳಿಸಿದರು. 2015ರಲ್ಲಿ ಬಂದ ಅವರ ಜೀವನಚರಿತ್ರೆ ಇನ್ನೂ ಮುಂದೆ ಹೋಯಿತು: ಸ್ಟೇಟನ್ ದ್ವೀಪದ ಕಪ್ಪು ಜನರ ಹಳೆಯ ವಸತಿಯ ಬಗ್ಗೆ 1956ರಲ್ಲಿ ಬರೆದ, ಒಂದೇ ದಿನದ ಮಾತುಕತೆಯಂತೆ ಕಾಣುವ ಪ್ರಬಂಧ ಹಲವು ಭೇಟಿಗಳನ್ನು ಹೊಲಿದು ಮಾಡಿದ್ದು, ಮಾತುಗಳನ್ನು ತಿದ್ದಿದ್ದೂ ಉಂಟು ಎಂಬುದು ಟಿಪ್ಪಣಿಗಳಿಂದ ಹೊರಬಿತ್ತು. ಆ ಪ್ರಬಂಧವನ್ನು ನಾನು ಈಗಲೂ ಓದುತ್ತೇನೆ. ಮೊದಲಿನ ನಂಬಿಕೆಯಿಂದ ಓದಲಾಗುವುದಿಲ್ಲ, ಅಷ್ಟೆ. 1964ರ ನಂತರ ಮಿಚೆಲ್ 1996ರಲ್ಲಿ ತೀರಿಕೊಳ್ಳುವವರೆಗೂ ದಿನವೂ ಕಚೇರಿಗೆ ಹೋಗಿ ಬಂದರು. ಹೊಸ ಬರಹವೆಂದು ಏನನ್ನೂ ಕೊಡಲಿಲ್ಲ. ಅದಕ್ಕೂ ಇದಕ್ಕೂ ಸಂಬಂಧವಿದೆ ಎನ್ನಲು ನನ್ನಲ್ಲಿ ಆಧಾರವಿಲ್ಲ, ಆದರೂ ಆ ಮೌನದ ಬಗ್ಗೆ ಯೋಚಿಸದೆ ಇರಲಾಗುವುದಿಲ್ಲ.

ಪತ್ರಕರ್ತ ಟಾಮ್ ವುಲ್ಫ್ ಅವರ ಬಿಳಿ ಸೂಟು ಎಲ್ಲರಿಗೂ ಗೊತ್ತು. ಅದಕ್ಕಿಂತ ಅವರ ಹಸಿರು ಸೂಟಿನ ಕತೆ ನನಗೆ ಇಷ್ಟ. 1963ರಲ್ಲಿ ‘ಎಸ್ಕ್ವೈರ್’ ಪತ್ರಿಕೆಗಾಗಿ ಲಾಸ್ ಏಂಜಲೀಸ್ ಸುತ್ತಮುತ್ತ ಹಳೆಯ ಕಾರುಗಳನ್ನು ಕತ್ತರಿಸಿ, ತಗ್ಗಿಸಿ, ಬಣ್ಣ ಬಳಿದು ಶಿಲ್ಪಗಳನ್ನಾಗಿ ಮಾಡುತ್ತಿದ್ದ ಹುಡುಗರ ಲೋಕವನ್ನು ನೋಡಿ ಬಂದ ವುಲ್ಫ್ ಅವರಿಗೆ ಲೇಖನ ಬರೆಯಲಾಗಲಿಲ್ಲ. ಟಿಪ್ಪಣಿಗಳನ್ನಾದರೂ ಕಳಿಸಿ, ಬೇರೆಯವರು ಬರೆಯಲಿ ಎಂದು ಸಂಪಾದಕ ಬೈರನ್ ಡೊಬೆಲ್ ಹೇಳಿದಾಗ, ರಾತ್ರಿಯಿಡೀ ಕೂತು 49 ಪುಟದ ಪತ್ರ ಟೈಪು ಮಾಡಿದರು. ಡೊಬೆಲ್ ಮೇಲಿನ ಸಂಬೋಧನೆಯನ್ನಷ್ಟೇ ಹೊಡೆದುಹಾಕಿ ಉಳಿದದ್ದನ್ನು ಹಾಗೆಯೇ ಅಚ್ಚಿಗೆ ಕಳಿಸಿದರು. ‘ನವ ಪತ್ರಿಕೋದ್ಯಮ’ ಎಂದು ಮುಂದೆ ಹೆಸರಾದದ್ದರ ಒಂದು ಮೊಳಕೆ ಇಲ್ಲಿದೆ. ಹೊರಗಿನವನೊಬ್ಬ ಇನ್ನೊಬ್ಬ ಹೊರಗಿನವನಿಗೆ, ತಾನು ಕಂಡದ್ದನ್ನು ತಡೆಯಲಾರದೆ ಹೇಳಿಕೊಂಡ ಪತ್ರ ಅದು. ಆ ಉಸಿರು ಸಾಲುಗಳಲ್ಲಿ ಉಳಿದಿದೆ. ಅವರ ಮುಂದಿನ ಬರಹಗಳಲ್ಲಿ ಆಶ್ಚರ್ಯಸೂಚಕಗಳ ಆರ್ಭಟ ನನಗೆ ಹಲವು ಸಲ ತಲೆನೋವು ತಂದಿದೆ ಎಂಬುದನ್ನೂ ಸೇರಿಸಬೇಕು.

ಹಸಿರು ಸೂಟು ಬರುವುದು ಉತ್ತರ ಕ್ಯಾರೊಲಿನಾದಲ್ಲಿ. ಗುಡ್ಡಗಾಡಿನ ಕಳ್ಳಸಾರಾಯಿಯನ್ನು ರಾತ್ರಿ ಹೊತ್ತು ಕಾರಿನಲ್ಲಿ ಸಾಗಿಸಿ, ಅಬಕಾರಿಯವರ ಬೆನ್ನಟ್ಟುವಿಕೆಯಿಂದ ತಪ್ಪಿಸಿಕೊಳ್ಳುವ ಚಾಲನೆ ಕಲಿತ ಜೂನಿಯರ್ ಜಾನ್ಸನ್ ಕಾರು ಪಂದ್ಯಗಳ ವೀರನಾಗಿದ್ದ ಕಾಲ ಅದು. ತಂದೆಯ ಭಟ್ಟಿಯ ಬಳಿ 1956ರಲ್ಲಿ ಸಿಕ್ಕಿಬಿದ್ದು ಆತ ಸೆರೆಮನೆಯಲ್ಲೂ ಇದ್ದು ಬಂದಿದ್ದ. (ಅಧ್ಯಕ್ಷ ರೇಗನ್ 1986ರಲ್ಲಿ ಕ್ಷಮಾದಾನ ಕೊಟ್ಟರು.) ಅಲ್ಲಿನವರೊಡನೆ ಬೆರೆಯಲೆಂದು ವುಲ್ಫ್ ಹಸಿರು ಟ್ವೀಡ್ ಸೂಟು, ಕಂದು ಸ್ವೀಡ್ ಬೂಟು, ಬೊರ್ಸಲಿನೊ ಟೋಪಿ ತೊಟ್ಟು ಹೋದರು. ಕೆಲವು ದಿನಗಳಾದ ಮೇಲೆ, ನಿನ್ನ ಹಿಂದೆ ಸುತ್ತುವ ಆ ಹಸಿರು ಮನುಷ್ಯ ಯಾರೆಂದು ಊರವರೆಲ್ಲ ತನ್ನನ್ನು ಕೇಳುತ್ತಿದ್ದಾರೆಂದು ಜಾನ್ಸನ್ ತಿಳಿಸಿದನಂತೆ. ಬೆರೆಯುವ ನಾಟಕವನ್ನೇ ಬಿಟ್ಟು, ಮಂಗಳಗ್ರಹದಿಂದ ಬಂದವನಂತೆ ಎಲ್ಲವನ್ನೂ ಕೇಳುತ್ತ ಹೋಗುವುದೇ ಲೇಸೆಂದು ವುಲ್ಫ್ ಅಂದಿನಿಂದ ತೀರ್ಮಾನಿಸಿದರು. ಹೊಟ್ಟೆಪಾಡಿಗೆ ನಾನಾ ವೇಷ ಎಂಬ ಮಾತುಂಟಷ್ಟೆ. ವುಲ್ಫ್ ಮಾತ್ರ ಒಂದೇ ವೇಷ ಸಾಕೆಂದು ಬಿಳಿ ಸೂಟಿಗೆ ನಿಂತರು.

ಹಂಟರ್ ಥಾಂಪ್ಸನ್ ಮೋಟಾರ್‌ಸೈಕಲ್ ಕೊಂಡರು. ಹೆಲ್ಸ್ ಏಂಜಲ್ಸ್ ಎಂಬ ಮೋಟಾರ್‌ಸೈಕಲ್ ಸವಾರರ ಗುಂಪಿನ ಬಗ್ಗೆ ಕ್ಯಾಲಿಫೋರ್ನಿಯಾ ಸರ್ಕಾರದ ವರದಿಯೊಂದು 1965ರಲ್ಲಿ ಬಂದು ಪತ್ರಿಕೆಗಳೆಲ್ಲ ಭಯವನ್ನು ಹಬ್ಬಿಸಿದಾಗ, ಥಾಂಪ್ಸನ್ ಅದೇ ವರ್ಷದ ಮೇ ತಿಂಗಳಲ್ಲಿ ‘ದ ನೇಷನ್’ ಪತ್ರಿಕೆಗೆ ಬರೆದು, ಆ ಉತ್ಪ್ರೇಕ್ಷೆಯನ್ನು ಬಿಡಿಸಿಟ್ಟರು. ನಂತರ ಪುಸ್ತಕಕ್ಕಾಗಿ ಅವರೊಡನೆ ಸುಮಾರು ಒಂದು ವರ್ಷ ತಿರುಗಿದರು. ಅವರು ಕೊಂಡದ್ದು ಬ್ರಿಟನ್ನಿನ ಬಿಎಸ್‌ಎ ಗಾಡಿ. ಹಾರ್ಲೆ ಡೇವಿಡ್‌ಸನ್ ಬಿಟ್ಟು ಬೇರೆಯದನ್ನು ಗಾಡಿಯೆಂದೇ ಲೆಕ್ಕಿಸದವರ ನಡುವೆ ಅದು 12 ಡಾಲರ್ 74 ಸೆಂಟಿನ ಉಡುಪಿಗೆ ಸಮಾನ. 1966ರ ಸೆಪ್ಟೆಂಬರಿನಲ್ಲಿ ಆ ಗುಂಪಿನ ಕೆಲವರು ಅವರನ್ನು ನೆಲಕ್ಕೆ ಕೆಡವಿ ಬಡಿದರು, ಪುಸ್ತಕ ಅಲ್ಲಿಗೆ ಮುಗಿಯಿತು. ಹೊಡೆತ ತಿಂದದ್ದರಿಂದ ಬರಹಕ್ಕೆ ಅಧಿಕಾರ ಬಂತೆಂದು ಕೆಲವರು ವಾದಿಸುತ್ತಾರೆ. ಗಡಿ ಎಲ್ಲಿತ್ತೆಂಬುದು ಅವರಿಗೆ ಗೊತ್ತಾದದ್ದು ಆಗಲೇ ಎಂದಷ್ಟೇ ನಾನು ಹೇಳುವೆ.

ಇವರೆಲ್ಲರಿಗಿಂತ ಭಿನ್ನವಾಗಿ, ಜೋನ್ ಡಿಡಿಯನ್ ಕಾಣಿಸಿಕೊಳ್ಳದೆ ಇರುವುದನ್ನೇ ನಂಬಿದ್ದರು. ತಾನು ಗಾತ್ರದಲ್ಲಿ ಸಣ್ಣವಳು, ಸ್ವಭಾವದಲ್ಲಿ ಮುಂದೆ ಬರದವಳು, ಮಾತು ಬಾರದವಳು. ಹಾಗಾಗಿ ತನ್ನ ಇರುವಿಕೆಯಿಂದ ತಮಗೆ ಕೇಡೆಂಬುದನ್ನೇ ಜನ ಮರೆಯುತ್ತಾರೆ ಎಂದು ಅವರೇ ಬರೆದುಕೊಂಡಿದ್ದಾರೆ. 1967ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಹೇಯ್ಟ್ ಆಷ್‌ಬರಿಯಲ್ಲಿ, ಮನೆ ಬಿಟ್ಟು ಬಂದ ಹದಿಹರೆಯದವರ ನಡುವೆ ಅವರು ಹಲವು ವಾರ ಕಳೆದರು. ದೇಶದ ಪತ್ರಿಕೆಗಳು ಅಲ್ಲಿ ಹೂವು ಮತ್ತು ಪ್ರೀತಿಯ ಹೊಸ ಲೋಕ ಕಂಡಿದ್ದವು. ಡಿಡಿಯನ್ ಕಂಡದ್ದು ಊಟ, ವಸತಿ, ಮಾತಿನ ಪದಗಳೂ ಇಲ್ಲದ ಮಕ್ಕಳನ್ನು. ಪ್ರಬಂಧದ ಕೊನೆಗೆ ಡಿಡಿಯನ್ ಅವರನ್ನು ಒಂದು ಮನೆಗೆ ಕರೆದೊಯ್ಯುತ್ತಾರೆ. ಐದು ವರ್ಷದ ಹುಡುಗಿಯೊಬ್ಬಳು ದಪ್ಪ ಕೋಟು ತೊಟ್ಟು ನೆಲದ ಮೇಲೆ ಕುಳಿತು ಚಿತ್ರಕತೆ ಓದುತ್ತಿದ್ದಾಳೆ, ಗಮನವಿಟ್ಟು ತುಟಿ ಸವರಿಕೊಳ್ಳುತ್ತಿದ್ದಾಳೆ, ತುಟಿಗೆ ಬಿಳಿಯ ಬಣ್ಣ ಹಚ್ಚಿದೆ. ತಾಯಿಯೇ ಅವಳಿಗೆ ಎಲ್‌ಎಸ್‌ಡಿ ಎಂಬ ಮಾದಕವಸ್ತು ಕೊಟ್ಟಿದ್ದಾಳೆ.

ಆ ಮಗುವಿಗಾಗಿ ಡಿಡಿಯನ್ ಏನು ಮಾಡಿದರು? ಪ್ರಬಂಧದಲ್ಲಿ ಅದಿಲ್ಲ. ಅವರು ಕೇಳುವ ಒಂದೆರಡು ಪ್ರಶ್ನೆಗಳಿವೆ, ಮಗುವಿನ ಉತ್ತರವಿದೆ, ಅಷ್ಟೆ. ಸುಮಾರು 50 ವರ್ಷಗಳ ನಂತರ, 2017ರ ಸಾಕ್ಷ್ಯಚಿತ್ರವೊಂದರಲ್ಲಿ ಸೋದರಳಿಯ ಗ್ರಿಫಿನ್ ಡನ್ ಅವರನ್ನು ಈ ಬಗ್ಗೆ ಕೇಳಿದಾಗ, ಬಹಳ ಹೊತ್ತು ತಡೆದು, ಅದು ಬಂಗಾರವಾಗಿತ್ತು ಎಂದರು. ಬರೆಯುವವರು ಇಂಥ ಗಳಿಗೆಗಾಗಿಯೇ ಬದುಕುತ್ತಾರೆ ಎಂಬರ್ಥದ ಮಾತನ್ನೂ ಸೇರಿಸಿದರು. ಅದನ್ನು ಮೊದಲ ಸಲ ಕೇಳಿದಾಗ ನನಗೆ ಸಿಟ್ಟು ಬಂದಿತ್ತು. ಆಮೇಲೆ ಪ್ರಬಂಧವನ್ನು ಮತ್ತೆ ಓದಿದೆ. ಸಿಟ್ಟು ಪೂರ್ತಿ ಇಳಿಯಲಿಲ್ಲವಾದರೂ, ಆ ಉತ್ತರದ ನಿರ್ದಯ ಪ್ರಾಮಾಣಿಕತೆಯನ್ನು ಒಪ್ಪದೆ ಬೇರೆ ದಾರಿ ಕಾಣಲಿಲ್ಲ. ಸಣ್ಣಗೆ, ಸದ್ದಿಲ್ಲದೆ ಮೂಲೆಯಲ್ಲಿ ಕುಳಿತವರನ್ನು ಜನ ಮರೆತುಬಿಡಬಹುದು. ಓದುವವರಿಗೆ ಮಾತ್ರ ಆ ಕೋಣೆಯಲ್ಲಿ ಇನ್ನೊಬ್ಬ ವಯಸ್ಕಳೂ ಇದ್ದಳೆಂಬುದು ನೆನಪಿರುತ್ತದೆ.

ಅಲ್ಲಿಗೆ ಹೋಗದೆಯೇ ಬರೆದವರೂ ಇದ್ದಾರೆ, ಅಥವಾ ಬಾಗಿಲವರೆಗೆ ಹೋಗಿ ಬಂದವರು. ಬ್ರಿಟನ್ನಿನ ನಿಕ್ ಕೋನ್ 1976ರಲ್ಲಿ ‘ನ್ಯೂಯಾರ್ಕ್’ ಪತ್ರಿಕೆಗಾಗಿ ಬ್ರೂಕ್ಲಿನ್ನಿನ ಡಿಸ್ಕೊ ಹುಡುಗರ ಬಗ್ಗೆ ಬರೆಯಲು ಹೊರಟು, ಆ ನೃತ್ಯಮಂದಿರದ ಮುಂದೆ ಕಾರಿನ ಬಾಗಿಲು ತೆರೆದಾಗ, ಹೊರಗೆ ಹೊಡೆದಾಡುತ್ತಿದ್ದ ಕುಡುಕರಲ್ಲೊಬ್ಬ ಅವರ ಪ್ಯಾಂಟಿನ ಮೇಲೆ ವಾಂತಿ ಮಾಡಿದನಂತೆ. ಅವರು ಬಾಗಿಲು ಹಾಕಿಕೊಂಡು ಹಿಂದಿರುಗಿದರು. ಮತ್ತೆ ಹೋದರಾದರೂ ಒಳಗಿನವರ ಬದುಕು ಅವರಿಗೆ ದಕ್ಕಲಿಲ್ಲ. ವಾರವಿಡೀ ಅಂಗಡಿಯಲ್ಲಿ ದುಡಿದು ಶನಿವಾರ ರಾತ್ರಿ ದೊರೆಯಾಗುವ ಅವರ ಕಥಾನಾಯಕ, ಲಂಡನ್ನಿನಲ್ಲಿ ಹಿಂದೆ ತಾನು ಕಂಡಿದ್ದ ಹುಡುಗನೊಬ್ಬನನ್ನು ಬ್ರೂಕ್ಲಿನ್ನಿಗೆ ತಂದು ನಿಲ್ಲಿಸಿದ ಕಲ್ಪನೆಯೆಂದು 1990ರ ದಶಕದಲ್ಲಿ ಅವರೇ ಒಪ್ಪಿಕೊಂಡರು. ಅಷ್ಟರಲ್ಲಿ ಆ ‘ವರದಿ’ಯಿಂದ 1977ರ ಪ್ರಸಿದ್ಧ ಚಲನಚಿತ್ರ ಹುಟ್ಟಿ, ಅದರ ನಾಯಕನ ಬಿಳಿ ಸೂಟನ್ನು ದೇಶದ ಸಾವಿರಾರು ಹುಡುಗರು ತೊಟ್ಟು ಕುಣಿದಾಗಿತ್ತು. ಚಿತ್ರವಿಮರ್ಶಕ ಜೀನ್ ಸಿಸ್ಕೆಲ್ 2,000 ಡಾಲರಿಗೆ ಕೊಂಡಿದ್ದ ಆ ಮೂಲ ಸೂಟು ಮುಂದೆ 1,45,500 ಡಾಲರಿಗೆ ಹರಾಜಾಯಿತು. ಒಂದು ಒಳಜಗತ್ತು ತನ್ನ ವೇಷವನ್ನು ಸುಳ್ಳು ವರದಿಯಿಂದ ಎರವಲು ಪಡೆದ ಈ ಪ್ರಕರಣಕ್ಕೆ ನಗಬೇಕೋ ಮರುಗಬೇಕೋ ನನಗೆ ಇಂದಿಗೂ ತಿಳಿದಿಲ್ಲ.

ಇದರ ಎದುರು ತುದಿಯಲ್ಲಿ ಟೆಡ್ ಕಾನೊವರ್ ಇದ್ದಾರೆ. ನ್ಯೂಯಾರ್ಕ್ ರಾಜ್ಯದ ಸೆರೆಮನೆ ಕಾವಲುಗಾರರ ತರಬೇತಿಯನ್ನು ನೋಡಲು ಇಲಾಖೆ ಬಿಡದಿದ್ದಾಗ ಅವರು ಸ್ವತಃ ಪರೀಕ್ಷೆ ಬರೆದು, ಏಳು ವಾರ ತರಬೇತಿ ಪಡೆದು, ಹಡ್ಸನ್ ನದಿಯ ದಂಡೆಯ ಸಿಂಗ್ ಸಿಂಗ್ ಸೆರೆಮನೆಯಲ್ಲಿ ಒಂದು ವರ್ಷದಷ್ಟು ಕಾಲ ಸಮವಸ್ತ್ರ ತೊಟ್ಟು ದುಡಿದರು. ಬಾಗಿಲುಗಳ ಬೀಗ, ಎಣಿಕೆ, ಊಟದ ಸಾಲು, ಬೈಗುಳಗಳ ನಡುವೆ ತನ್ನ ದನಿಯೇ ಬದಲಾಗಿ, ಮನೆಯಲ್ಲಿ ಪುಟ್ಟ ಮಕ್ಕಳ ಮೇಲೂ ಅದೇ ಒರಟುತನ ಹೊರಬಂತೆಂದು 2000ದಲ್ಲಿ ಬಂದ ಪುಸ್ತಕದಲ್ಲಿ ಅವರು ಬರೆದಿದ್ದಾರೆ. ವೇಷ ಮೈಗೆ ಅಂಟಿಕೊಳ್ಳುವುದೆಂದರೆ ಇದು. ಸಹೋದ್ಯೋಗಿಗಳಿಗೆ ತಾನು ಬರಹಗಾರನೆಂದು ತಿಳಿಸದೆ ಇದ್ದದ್ದು ಸರಿಯೇ ಎಂಬ ಪ್ರಶ್ನೆ ಉಳಿದೇ ಇದೆ. ಕೈದಿಗಳಿಗೆ ಆ ಪುಸ್ತಕ ತಲುಪಿದ್ದು ಕೆಲವು ಪುಟಗಳನ್ನು ಕಿತ್ತ ಮೇಲೆಯೇ.

ಡೇವಿಡ್ ಫಾಸ್ಟರ್ ವಾಲೆಸ್ 1993ರ ಇಲಿನಾಯ್ ರಾಜ್ಯದ ಜಾತ್ರೆಗೆ ಪತ್ರಕರ್ತರ ಬಿಲ್ಲೆ ಧರಿಸಿ ಹೋಗಿ ‘ಹಾರ್ಪರ್ಸ್’ಗೆ ಬರೆದ ಪ್ರಬಂಧ ನಗಿಸುತ್ತದೆ, ತಾನೇ ಬೆಳೆದ ಸೀಮೆಯ ಜನರ ಮೈಗಾತ್ರದ ಮೇಲಿನ ಆ ನಗು ಎರಡನೆಯ ಓದಿಗೆ ನನಗೆ ರುಚಿಸಲಿಲ್ಲ. ಜಾನ್ ಜೆರೆಮಯಾ ಸಲಿವನ್ ಪೆನ್ಸಿಲ್ವೇನಿಯಾದ ಕ್ರೈಸ್ತ ರಾಕ್ ಸಂಗೀತೋತ್ಸವದ ಬಗ್ಗೆ 2004ರಲ್ಲಿ ಬರೆದದ್ದು ಹಾಗಲ್ಲ. ಅವರಿಗೆ ಬಾಡಿಗೆಗೆ ಸಿಕ್ಕಿದ್ದು 29 ಅಡಿ ಉದ್ದದ ಮನೆವಾಹನ. ಅದನ್ನು ಓಡಿಸಲು ಬಾರದೆ, ಕಡಿದಾದ ದಿಬ್ಬದಲ್ಲಿ ಗಾಬರಿಯಾದಾಗ ನೆರವಿಗೆ ಬಂದವರು ಪಶ್ಚಿಮ ವರ್ಜೀನಿಯಾದ ಬಡ ಹುಡುಗರು, ಕಟ್ಟಾ ಭಕ್ತರು. ಗೇಲಿ ಮಾಡಲು ಬಂದವರಂತೆ ಆರಂಭಿಸಿದ ಸಲಿವನ್, ಹದಿಹರೆಯದಲ್ಲಿ ತಾನೂ ಅಂಥದೇ ಭಕ್ತನಾಗಿದ್ದುದನ್ನು ಪ್ರಬಂಧದ ನಡುವೆ ಹೇಳಿಬಿಡುತ್ತಾರೆ. ಅಲ್ಲಿಂದ ಮುಂದೆ ಆ ಬರಹದಲ್ಲಿ ಯಾರನ್ನು ಯಾರು ನೋಡುತ್ತಿದ್ದಾರೆ ಎಂಬುದೇ ತಿರುವುಮುರುವಾಗುತ್ತದೆ.

ವಾಹನದ ಮಾತು ಬಂದಾಗ ಜೆಸ್ಸಿಕಾ ಬ್ರೂಡರ್ ಅವರ ವ್ಯಾನನ್ನು ಬಿಡಲಾಗದು. 2008ರ ಆರ್ಥಿಕ ಕುಸಿತದಲ್ಲಿ ಮನೆ, ಉಳಿತಾಯ ಕಳೆದುಕೊಂಡು ವ್ಯಾನುಗಳಲ್ಲೇ ವಾಸಿಸುತ್ತ, ಹಂಗಾಮಿಗೆ ತಕ್ಕಂತೆ ಸಕ್ಕರೆ ಬೀಟ್ ಗಡ್ಡೆಗಳ ಕಟಾವಿಗೂ ಅಮೆಜಾನ್ ಉಗ್ರಾಣಗಳಿಗೂ ಅಲೆಯುವ ಅರವತ್ತು, ಎಪ್ಪತ್ತು ದಾಟಿದ ಅಮೆರಿಕನ್ನರ ಬಗ್ಗೆ ಅವರು 2014ರಲ್ಲಿ ‘ಹಾರ್ಪರ್ಸ್’ಗೆ ಬರೆದರು, 2017ರ ಪುಸ್ತಕಕ್ಕಾಗಿ ತಾವೂ ಹಳೆಯ ವ್ಯಾನೊಂದನ್ನು ಕೊಂಡು, ಅರಿಜೋನಾದ ಕ್ವಾರ್ಟ್ಸ್‌ಸೈಟ್ ಮರುಭೂಮಿಯ ಚಳಿಗಾಲದ ಬಿಡಾರಗಳಲ್ಲಿ ತಂಗಿದರು, ಹೊಲದಲ್ಲೂ ಉಗ್ರಾಣದಲ್ಲೂ ದುಡಿದು ನೋಡಿದರು. ತಮಗೆ ಇಲ್ಲದಿರುವುದು ಕಟ್ಟಡವೇ ಹೊರತು ಮನೆಯಲ್ಲ ಎಂಬ ಅವರ ವಾದವನ್ನು ಬ್ರೂಡರ್ ಗೌರವದಿಂದ ಬರೆದುಕೊಳ್ಳುತ್ತಾರೆ, ಜೊತೆಗೆ ಉಗ್ರಾಣದಲ್ಲಿ ನೋವಿನ ಮಾತ್ರೆಗಳನ್ನು ಬಿಟ್ಟಿಯಾಗಿ ಹಂಚುವ ಪೆಟ್ಟಿಗೆಗಳನ್ನೂ ನೋಡುತ್ತಾರೆ. ವಾಹನ ಅವರದರಂಥದ್ದೇ, ಆದರೆ ತನಗೆ ಮರಳಲು ಬ್ರೂಕ್ಲಿನ್ನಿನಲ್ಲಿ ಮನೆಯಿದೆ ಎಂಬುದನ್ನು ಅವರು ಮರೆಸುವುದಿಲ್ಲ. ವ್ಯಾನಿನ ಬದುಕಿನಲ್ಲಿ ಸ್ವಾತಂತ್ರ್ಯದ ಚೆಲುವನ್ನಷ್ಟೇ ಕಂಡು ಮಾರುಹೋಗುವ ಓದುಗರು ಆ ಮಾತ್ರೆಗಳ ಪುಟವನ್ನು ದಾಟಿಕೊಂಡು ಹೋಗುತ್ತಾರೇನೋ.

ಲಾಫ್‌ಮನ್ ಬಿಡಾರದಲ್ಲಿ ಮುಂದೇನಾಯಿತೆಂಬುದನ್ನು ನಾನಿನ್ನೂ ಹೇಳಿಲ್ಲ. ಜನ ತನ್ನನ್ನು ಒಪ್ಪಿಕೊಂಡ ಮೇಲೆ ಹರ್ಸ್ಟನ್ ತಾನು ಬಂದ ಕಾರಣ ತಿಳಿಸಿದರು: ಸುಳ್ಳುಗಳನ್ನು ಕೂಡಿಹಾಕಲು. ಅಲ್ಲಿನವರು ತಮ್ಮ ಜನಪದ ಕತೆಗಳನ್ನು ಕರೆಯುತ್ತಿದ್ದದ್ದೇ ‘ಸುಳ್ಳು’ ಎಂದು. ಅತ್ಯುತ್ತಮ ಸುಳ್ಳಿಗೆ ಬಹುಮಾನವೆಂದು ಅಂಚೆಕಚೇರಿಯಲ್ಲೂ ಕಂಪನಿಯ ಅಂಗಡಿಯಲ್ಲೂ ಚೀಟಿ ಅಂಟಿಸಿ ಸ್ಪರ್ಧೆ ಏರ್ಪಡಿಸಿದರು. ಸುಳ್ಳು ಹೇಳಿ ಒಳಗೆ ಬಂದವರು ಸುಳ್ಳಿಗೆ ಬಹುಮಾನ ಕೊಡುವುದರಲ್ಲಿ ಅಲ್ಲಿನವರಿಗೆ ವಿಚಿತ್ರವೇನೂ ಕಾಣಲಿಲ್ಲ. ಒಬ್ಬರನ್ನೊಬ್ಬರು ಮೀರಿಸುವಂತೆ ಹೇಳಿದರು. ಬಿಗ್ ಸ್ವೀಟ್ ಎಂದು ಎಲ್ಲರೂ ಕರೆಯುತ್ತಿದ್ದ, ಎಲ್ಲರೂ ಅಂಜುತ್ತಿದ್ದ ಹೆಂಗಸು ಅವರ ಗೆಳತಿಯಾಗಿ ಕಾವಲು ನಿಂತಳು. ಆದರೆ ಇನ್ನೊಬ್ಬ ಹೆಂಗಸಿಗೆ ಈ ಹೊಸಬಳ ಮೇಲೆ ಹೊಟ್ಟೆಕಿಚ್ಚು ಹುಟ್ಟಿತ್ತು. ಒಂದು ರಾತ್ರಿ ಕುಣಿತದ ಮನೆಗೆ ಚಾಕು ಹಿಡಿದು ನುಗ್ಗಿದವಳನ್ನು ಬಿಗ್ ಸ್ವೀಟ್ ಅಡ್ಡಗಟ್ಟಿ, ಓಡು ಎಂದು ಕೂಗಿದಳು. ಹರ್ಸ್ಟನ್ ಸಾಮಾನನ್ನೆಲ್ಲ ಕಾರಿಗೆ ಎಸೆದು ಹೊರಟರು. ಯಾವ ಶೆವ್ರೊಲೆಯನ್ನು ಕಂಡು ಬಿಡಾರದವರು ಅವರನ್ನು ಸರ್ಕಾರದ ಕಡೆಯವಳೆಂದು ಶಂಕಿಸಿದ್ದರೋ ಅದೇ ಶೆವ್ರೊಲೆಯಲ್ಲಿ, ಬೆಳಗಾಗುವ ಹೊತ್ತಿಗೆ, ಅವರು 100 ಮೈಲಿ ಆಚೆ ನ್ಯೂ ಆರ್ಲಿಯನ್ಸ್ ದಾರಿಯಲ್ಲಿದ್ದರು.